ಬೇಲಿ ಹಾಕಿದವರೇ ಸೊಪ್ಪು ಕೊಯ್ದರು

2021ರ ಮೇ ತಿಂಗಳಲ್ಲಿ ನಮ್ಮ ಮನೆಯ ಎಲ್ಲರಿಗೂ ಕೊರೊನಾ ಬಂತು. ಮಾವ ತೀರಿಕೊಂಡರು, ಮಿಕ್ಕವರು ಉಳಿದೆವು. ಅದೇ ತಿಂಗಳು ನಮ್ಮ ಹುಳು ಮನೆಯಲ್ಲಿ ನೂರು ಮೊಟ್ಟೆಯ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಿದವು. ನಮ್ಮ ಎರಡು ಸೀಮೆಹಸುಗಳನ್ನು ಕರೆಯುವುದು ಒಂದು ಹೊತ್ತೂ ತಪ್ಪಲಿಲ್ಲ. ಮನೆಗೆ ಮನೆಯೇ ಮಲಗಿದ್ದಾಗ ಇವೆಲ್ಲ ಹೇಗೆ ನಡೆದವು ಎಂಬುದನ್ನು ಬಿಟ್ಟು ಸಾವೊಂದನ್ನೇ ಹೇಳಿದರೆ ನಮ್ಮೂರಿಗೆ ಅನ್ಯಾಯ. ಬರೀ ಸಹಾಯವನ್ನು ಹೇಳಿ ಬೇಲಿಯನ್ನು ಮುಚ್ಚಿಟ್ಟರೆ ನಮ್ಮ ಮಾವನಿಗೆ ಅನ್ಯಾಯ. ಎರಡನ್ನೂ ಹೇಳುತ್ತೇನೆ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಭಾರತೀನಗರದ ಆಸುಪಾಸಿನಲ್ಲಿ ಒಳಕ್ಕೆ ತಿರುಗಿಕೊಂಡರೆ ನಮ್ಮ ಹಳ್ಳಿ. ನಾಲೆ ನೀರು ಹರಿಯುವ ಕಡೆ ಕಬ್ಬು, ಭತ್ತ. ಬೋರ್‌ವೆಲ್ ಜಮೀನಿನಲ್ಲಿ ಹಿಪ್ಪುನೇರಳೆ. ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತದೋ ಹೇಳುವವರಿಲ್ಲ. ಮನೆ ನಡೆಯುವುದು ಡೈರಿಯ ಬಟವಾಡೆಯಿಂದ, ರಾಮನಗರದ ಮಾರ್ಕೆಟ್ಟಿಗೆ ಹಾಕುವ ಗೂಡಿನಿಂದ, ಬೆಂಗಳೂರಿಗೆ ದುಡಿಯಲು ಹೋದವರು ಕಳಿಸುವುದರಿಂದ. ಮದ್ದೂರಿನಲ್ಲಿ ರೈಲು ಹತ್ತಿ ಬೆಳಿಗ್ಗೆ ಹೋಗಿ ರಾತ್ರಿ ಬರುವವರೂ ಇದ್ದಾರೆ. ಬೆಂಗಳೂರಿಗೆ ಬಂದದ್ದು ನಮ್ಮೂರಿಗೆ ಬರಲು ಬಹಳ ದಿನ ಬೇಕಿಲ್ಲ.

ಮೊದಲ ವರ್ಷ ನಮಗೆ ಅದು ಬೇರೆಯವರ ಕಾಯಿಲೆಯಾಗಿತ್ತು. 2020ರ ಏಪ್ರಿಲ್‌ನಲ್ಲಿ ಮಂಡ್ಯ ಜಿಲ್ಲೆಯ ಮೊದಲ ಪ್ರಕರಣಗಳು ಮಳವಳ್ಳಿ ಪಟ್ಟಣದಲ್ಲಿ ಪತ್ತೆಯಾದವು. ಮೇ ತಿಂಗಳಲ್ಲಿ ಮುಂಬೈಯಿಂದ ಊರಿಗೆ ಮರಳಿದವರಿಂದ ಕೆ.ಆರ್. ಪೇಟೆ, ನಾಗಮಂಗಲ ಕಡೆ ಸಂಖ್ಯೆ ಏರಿತು. ನಮ್ಮೂರ ಹುಡುಗರು ಊರು ಮುಂದೆ ಜಾಲಿಮುಳ್ಳು ಎಳೆದು ರಸ್ತೆ ಮುಚ್ಚಿದರು. ಮನೆಗೊಬ್ಬರಂತೆ ಕಾವಲಿಗೆ ಕೂತರು, ನಮ್ಮ ಯಜಮಾನರೂ ಸರದಿಯ ಮೇಲೆ ಹೋದರು. ಮಳವಳ್ಳಿಯ ಕೆಲವು ಬೀದಿಯವರ ಹತ್ತಿರ ಹಣ್ಣು, ತರಕಾರಿ ಕೊಳ್ಳಬೇಡಿ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಅದನ್ನು ನಂಬಿದವರು ಕಡಿಮೆಯೇನಿರಲಿಲ್ಲ.

ಆ ವರ್ಷ ಜುಲೈನಲ್ಲಿ ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರಿಗೂ ಕೊರೊನಾ ಬಂತು. ಕುರಿ ಮೇಯಿಸುತ್ತ ಬೆಟ್ಟದ ಮೇಲೆ ಒಂದೊಂದಾಗಿ ಕಟ್ಟೆ ತೋಡಿಸಿದವರು; ಹಿಂದಿನ ತಿಂಗಳಷ್ಟೇ ಪ್ರಧಾನಿಯವರು ರೇಡಿಯೋದಲ್ಲಿ ಅವರ ಹೆಸರು ಹೇಳಿದ್ದರು. ಎಂಬತ್ತು ದಾಟಿದ ಆ ಯಜಮಾನರು ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಗುಣವಾಗಿ ಬಂದರು. ನಮ್ಮ ಮಾವನಿಗೆ ಅದು ದೊಡ್ಡ ಧೈರ್ಯ. “ಕಾಮೇಗೌಡ್ರೇ ಎದ್ದು ಬಂದ್ರು, ಇದೇನ್ ಮಾಡೀತು ಬುಡು” ಅನ್ನುತ್ತಿದ್ದರು.

2021ರ ಏಪ್ರಿಲ್ 26ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಮರುದಿನ ರಾತ್ರಿಯಿಂದ ಎರಡು ವಾರ ರಾಜ್ಯವನ್ನು ಮುಚ್ಚುವುದಾಗಿ ಹೇಳಿದರು. ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದ ನನ್ನ ಮೈದುನ ಹೆಂಡತಿ, ಮಗುವನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ಊರಿಗೆ ಬಂದ. ದುಡಿಮೆಯಿಲ್ಲದೆ ಅಲ್ಲಿ ಬಾಡಿಗೆ ಕಟ್ಟಿಕೊಂಡು ಕೂರುವುದು ಯಾರಿಂದಾಗುತ್ತದೆ? ನಮ್ಮ ಬೀದಿಯಲ್ಲೇ ಹಾಗೆ ಬಂದವರು ಹಲವರಿದ್ದರು. ಬಂದ ಕೆಲವೇ ದಿನಕ್ಕೆ ಅವನಿಗೆ ಮೈಕೈ ನೋವು, ಜ್ವರ. ಆಮೇಲೆ ನಮ್ಮ ಯಜಮಾನರಿಗೆ, ವಾರಗಿತ್ತಿಗೆ, ಅತ್ತೆ ಮಾವನಿಗೆ. ಮಕ್ಕಳಿಗೆ ಒಂದು ದಿನ ಮೈ ಬೆಚ್ಚಗಾಗಿ ಬಿಟ್ಟಿತು. ನನ್ನದು ನನಗೆ ಗೊತ್ತಾದದ್ದು ಹುಳು ಮನೆಯಲ್ಲಿ. ಹಸಿ ಸೊಪ್ಪು, ಹಿಕ್ಕೆ, ಸುಣ್ಣ ಎಲ್ಲ ಸೇರಿದ ಅಲ್ಲಿನ ವಾಸನೆ ಬಟ್ಟೆ ಒಗೆದರೂ ಹೋಗುವುದಿಲ್ಲ. ಅವತ್ತು ಮೂಗಿಗೆ ಏನೂ ಬಡಿಯಲಿಲ್ಲ.

ಹುಳು ಆಗಷ್ಟೇ ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಬಲ್ಲವರಿಗೆ ಇದರ ಅರ್ಥ ಹೇಳಬೇಕಿಲ್ಲ, ತಿಳಿಯದವರಿಗಾಗಿ ಹೇಳುತ್ತೇನೆ. ಜ್ವರ ಎಂದರೆ ಹುಳು ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತು. ಹುಳು ತನ್ನ ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಈ ಕೊನೆಯ ವಾರದಲ್ಲೇ ತಿನ್ನುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಡುವ ಅಷ್ಟೂ ಮೊಟ್ಟೆ; ನೂರು ಮೊಟ್ಟೆ ಎಂದರೆ ನಲವತ್ತು ಸಾವಿರಕ್ಕೂ ಮಿಕ್ಕಿದ ಹುಳು. ಹೊತ್ತು ಹೊತ್ತಿಗೆ ಕಡ್ಡಿಸೊಪ್ಪು ಕೊಯ್ದು, ಹೊತ್ತು ತಂದು, ಹರವಬೇಕು. ಒಂದು ದಿನ ತಪ್ಪಿದರೆ ಗೂಡು ತೆಳುವಾಗುತ್ತದೆ, ಎರಡು ದಿನ ತಪ್ಪಿದರೆ ಗೂಡೇ ಇಲ್ಲ. ಚಾಕಿ ಮರಿಗೆ, ಗೊಬ್ಬರಕ್ಕೆ, ಕೂಲಿಗೆ ಹಾಕಿದ ಸಾಲವೆಲ್ಲ ಆ ಸ್ಟ್ಯಾಂಡಿನ ಮೇಲೆ ಹರಿದಾಡುತ್ತಿತ್ತು.

ಗಂಟಲು ದ್ರವ ಕೊಟ್ಟು ಬಂದು ದಿನಗಟ್ಟಲೆ ಕಾದೆವು. ಫಲಿತಾಂಶ ಫೋನಿಗೆ ಬರುವ ಮೊದಲೇ ಊರಿಗೆಲ್ಲ ಗೊತ್ತಾಗಿತ್ತು. ಪಂಚಾಯ್ತಿಯವರು ಬಾಗಿಲಿಗೆ ಕಾಗದ ಅಂಟಿಸಿ, ಮುಂದೆ ಬ್ಲೀಚಿಂಗ್ ಪುಡಿ ಎರಚಿದರು. ಸಂಜೆ ನಮ್ಮ ಬೀದಿಯ ತುದಿಯಲ್ಲಿ ಮುಳ್ಳು ಎಳೆಯುವ ಸದ್ದು ಕೇಳಿತು. ಹಿಂದಿನ ವರ್ಷ ಊರು ಮುಂದೆ ಹಾಕಿದ್ದ ಬೇಲಿಯೇ ಈ ಸಲ ಊರೊಳಗೆ ಬಂತು. ಹಾಲುತೊಂಡೆ ರೋಗ ಬಂದ ಹುಳವನ್ನು ಕಡ್ಡಿಯಲ್ಲಿ ಆಯ್ದು ಹೊರಗಿಡುವ ಹಾಗೆ ನಮ್ಮ ಬೀದಿಯ ಕೊನೆಯ ಮನೆಗಳನ್ನು ಆಯ್ದು ಹೊರಗಿಟ್ಟರು. ಎಳೆದವರು ಹೊರಗಿನವರಲ್ಲ. ನನ್ನನ್ನು ಅತ್ತಿಗೆ ಅನ್ನುವ, ನಮ್ಮ ಮನೆಯಲ್ಲಿ ಉಂಡು ಬೆಳೆದ ಹುಡುಗರು. ಯಜಮಾನರು ಜಗಲಿಯ ಮೇಲೆ ನಿಂತು ಕೂಗಿದರು: “ಏನ್ರಲಾ, ನಾವೇನ್ ಓಡೋಯ್ತೀವಾ?” ಯಾರೂ ತಲೆ ಎತ್ತಲಿಲ್ಲ. ಒಬ್ಬ ಮಾತ್ರ, “ಹಿರೀಕ್ರು ಹೇಳವ್ರೆ ಕಣಣ್ಣ” ಅಂದ.

ಮರುದಿನ ಬೆಳಿಗ್ಗೆ ಡೈರಿಯಲ್ಲಿ ನಮ್ಮ ಕ್ಯಾನು ಬೇಡವೆಂದರು. ನಮ್ಮ ಮಗ ಹಾಲನ್ನು ವಾಪಸು ತಂದು ಅಂಗಳದಲ್ಲಿಟ್ಟು ನನ್ನ ಮುಖ ನೋಡಿದ. ಅಷ್ಟು ಹಾಲನ್ನು ತಿಪ್ಪೆಗೆ ಸುರಿದೆವು. ಕರೆಯದೆ ಬಿಡುವ ಹಾಗಿಲ್ಲ, ಬಿಟ್ಟರೆ ಕೆಚ್ಚಲು ಬಾವು ಬಂದು ಹಸುವೇ ಕೆಡುತ್ತದೆ. ನಿಂತರೆ ತಲೆ ಸುತ್ತುವ ಮೈಯಲ್ಲಿ ಕೂತು ಕರೆದು, ಕರೆದದ್ದನ್ನು ಚೆಲ್ಲುವುದು. ಆ ದಿನಗಳಲ್ಲಿ ಜ್ವರಕ್ಕಿಂತ ಹೆಚ್ಚು ನನ್ನನ್ನು ಕುಗ್ಗಿಸಿದ್ದು ಇದು.

ಬೇಲಿ ದಾಟಿ ಬಾಗಿಲಿಗೆ ಬರುತ್ತಿದ್ದವಳು ಆಶಾ ಕಾರ್ಯಕರ್ತೆ ಒಬ್ಬಳೇ. ಅವಳೂ ಮಕ್ಕಳೊಂದಿಗಳು, ಅವಳ ಮನೆಯಲ್ಲೂ ವಯಸ್ಸಾದ ಅತ್ತೆ. ಹಿಂದಿನ ವರ್ಷ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ರಾಜ್ಯದ ಆಶಾಗಳು ಮುಷ್ಕರ ಹೂಡಿದ್ದರಲ್ಲ, ಅವರಲ್ಲಿ ಇವಳೂ ಇದ್ದಳು. ಜ್ವರದ ಮಾತ್ರೆ, ವಿಟಮಿನ್, ಜಿಂಕ್ ಮಾತ್ರೆ ತಂದು ಕಟ್ಟೆಯ ಮೇಲಿಟ್ಟು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಒಬ್ಬೊಬ್ಬರದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. “94ಕ್ಕಿಂತ ಕೆಳಕ್ಕೆ ಬಂದ್ರೆ ಅರ್ಧರಾತ್ರಿ ಆದ್ರೂ ಫೋನ್ ಮಾಡಿ ಅಕ್ಕ, ಯೋಚ್ನೆ ಮಾಡ್ಬೇಡಿ” ಅಂತ ಮೊದಲ ದಿನವೇ ಹೇಳಿಟ್ಟಳು.

ನಮ್ಮ ಹಾಲು ತಿಪ್ಪೆಗೆ ಹೋದ ಸಂಗತಿಯನ್ನು ಅವಳೇ ಸ್ತ್ರೀಶಕ್ತಿ ಸಂಘದ ಹೆಂಗಸರ ಕಿವಿಗೆ ಹಾಕಿದಳು. ಸಂಘದ ಪ್ರತಿನಿಧಿ ನನಗೆ ಫೋನು ಮಾಡಿ ಕೇಳಿದ ಮೊದಲ ಮಾತು ನೆನಪಿದೆ: “ಹುಳ ಯಾವ ಜ್ವರದಲ್ಲವೆ ಕಣವ್ವ?” ನನ್ನ ಜ್ವರವನ್ನು ಆಮೇಲೆ ಕೇಳಿದರು. ನಾಲ್ಕು ಎದ್ದವೆ ಎಂದೆ. “ಹಂಗಾರೆ ಸಂಜೆ ಸೊಪ್ಪಿಗೆ ಜನ ಬತ್ತಾರೆ, ನೀನು ಎದ್ದು ಬರ್ಬ್ಯಾಡ” ಅಂದರು.

ಅವರು ಮಾಡಿದ್ದು ಒಂದು ಪಟ್ಟಿ. ಅದನ್ನು ದಯೆಯ ಲೆಕ್ಕದಲ್ಲಿ ಮಾಡಲಿಲ್ಲ, ಮುಯ್ಯಾಳಿನ ಲೆಕ್ಕದಲ್ಲಿ ಮಾಡಿದರು. ನಮ್ಮ ಕಡೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ, ಗೂಡು ಬಿಡಿಸುವ ದಿನ, ನಾಟಿ ದಿನ ಒಬ್ಬರ ಮನೆಗೆ ಇನ್ನೊಬ್ಬರು ಕೂಲಿಯಿಲ್ಲದೆ ಹೋಗುತ್ತಾರೆ. ನೀವು ನಮ್ಮಲ್ಲಿಗೆ ಒಂದು ಆಳು ಬಂದರೆ ನಾವು ನಿಮ್ಮಲ್ಲಿಗೆ ಒಂದು ಆಳು ಬರುತ್ತೇವೆ. ಹಿಂದಿನ ಬೆಳೆಗಳಲ್ಲಿ ಯಾರ್‍ಯಾರ ಮನೆಗೆ ನಾನು, ಯಜಮಾನರು ಹೋಗಿದ್ದೆವೋ ಅವರ ಹೆಸರು ಮೊದಲು ಬಂತು. ಅವರು ಮುಗಿದ ಮೇಲೆ, ಮುಂದೆ ನಾವು ತೀರಿಸುತ್ತೇವೆಂಬ ನಂಬಿಕೆಯ ಮೇಲೆ ಉಳಿದವರು. ಲೆಕ್ಕವಿದ್ದದ್ದರಿಂದಲೇ ಯಾರಿಗೂ ಹಂಗು ಅನ್ನಿಸಲಿಲ್ಲ, ನಮಗೂ ಕೈ ಒಡ್ಡಿದ ಹಾಗೆ ಆಗಲಿಲ್ಲ.

ಹುಳು ಮನೆ ತೋಟದಲ್ಲಿತ್ತು, ನಮ್ಮ ವಾಸದ ಮನೆಯಿಂದ ದೂರ. ಆದ್ದರಿಂದ ಬಂದವರು ನಮ್ಮ ಮುಖ ನೋಡದೆ ಕೆಲಸ ಮಾಡಬಹುದಿತ್ತು. ರೋಗ ತಡೆಯುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಹುಳು ಮನೆಗೆ ಹೋಗುವವರು ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲಿಟ್ಟು, ಕೈ ತೊಳೆದು, ಹೊರಗಿನ ಚಪ್ಪಲಿ ಬಿಟ್ಟೇ ಒಳಗೆ ಹೋಗುವುದು. ಬೆಳೆ ಬೆಳೆಗೂ ಗೋಡೆ, ಸ್ಟ್ಯಾಂಡು, ಬಲೆ ತೊಳೆಯುವುದು. ಹಾಲುತೊಂಡೆಗೆ, ಸುಣ್ಣಕಟ್ಟಿಗೆ ಹೆದರಿ ವರ್ಷಗಳಿಂದ ಮಾಡಿಕೊಂಡು ಬಂದದ್ದನ್ನೇ ಮನುಷ್ಯರ ರೋಗಕ್ಕೂ ಮಾಡಿದರು. ಬಾಯಿಗೆ ಟವೆಲ್ ಕಟ್ಟಿಕೊಂಡರು ಅಷ್ಟೇ ಹೆಚ್ಚು. ನಾನು ಮಂಚದ ಮೇಲಿಂದ ಫೋನಿನಲ್ಲಿ ಹೇಳುತ್ತಿದ್ದೆ: ಕಿಟಕಿ ಕಡೆ ಹುಳು ಹಿಂದಿದ್ದಾವೆ, ಅಲ್ಲಿ ಸೊಪ್ಪು ತೆಳ್ಳಗೆ ಹಾಕಿ, ಊಜಿ ನೊಣದ ಬಲೆ ಸರಿಯಾಗಿ ಎಳೆಯಿರಿ. ಸೊಪ್ಪು ಕೊಯ್ಯಲು ಬಂದವರಲ್ಲಿ ಬೀದಿಗೆ ಮುಳ್ಳು ಎಳೆದ ಹುಡುಗರೂ ಇದ್ದರು. ತಾಯಂದಿರು ಕಳಿಸಿದ್ದರು, ಬಂದಿದ್ದರು.

ಹಸುವಿನ ಕತೆ ಇಷ್ಟು ಸಲೀಸಾಗಿರಲಿಲ್ಲ. ಕೊಟ್ಟಿಗೆ ಮನೆಗೆ ಅಂಟಿಕೊಂಡಿತ್ತು, ಒಳಗೆ ಬರಲು ಯಾರಿಗೂ ಮನಸ್ಸಿರಲಿಲ್ಲ. ಕೊನೆಗೆ ಮಗ ಹಸುಗಳನ್ನು ಬೇಲಿಯ ತನಕ ಹೊಡೆದುಕೊಂಡು ಹೋಗಿ ಹಗ್ಗ ಬಿಟ್ಟು ಹಿಂದೆ ಬಂದ. ಆ ಕಡೆಯಿಂದ ಒಬ್ಬರು ಹಗ್ಗ ಹಿಡಿದು, ಮೈ ತೊಳೆದು, ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಕೊಂಡರು. ಅವರ ಕೊಟ್ಟಿಗೆಯಲ್ಲಿ ನಿಂತ ಮೇಲೆ ಅದು ಅವರ ಹಾಲು, ಡೈರಿಯವರ ತಕರಾರು ಉಳಿಯಲಿಲ್ಲ. ಅವರ ಪಾಸ್‌ಬುಕ್ಕಿಗೆ ಹಾಕಿದ ನಮ್ಮ ಹಾಲಿನ ಬಟವಾಡೆ ಮೇವಿನ ಖರ್ಚು ಕಳೆದು ನಮ್ಮ ಕೈಗೆ ಬಂತು. ರೂಲ್ಸಿನ ಜೊತೆ ಜಗಳವಾಡದೆ ಅದರ ಪಕ್ಕದಲ್ಲೇ ದಾರಿ ಮಾಡಿಕೊಳ್ಳುವುದು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ಮಾವನ ಉಸಿರು ಕಟ್ಟತೊಡಗಿತ್ತು. ಬೋರಲು ಮಲಗಿಸಿದರೆ ಆಕ್ಸಿಮೀಟರಿನ ಅಂಕಿ ಸ್ವಲ್ಪ ಏರುತ್ತಿತ್ತು, ಎದ್ದು ಬಚ್ಚಲಿಗೆ ಹೋಗಿ ಬಂದರೆ ಇಳಿಯುತ್ತಿತ್ತು. ಆಸ್ಪತ್ರೆ ಅಂದರೆ ಅತ್ತೆ ಒಲ್ಲೆ ಅನ್ನುತ್ತಿದ್ದರು. ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಆದ ದುರಂತ, 24 ಮಂದಿಯ ಸಾವು, ಎಲ್ಲರ ಬಾಯಲ್ಲಿತ್ತು. ಮಳವಳ್ಳಿ ಗಡಿ ದಾಟಿ ಕಾವೇರಿಯ ಆಚೆ ಅದೇ ಜಿಲ್ಲೆಯ ಕೊಳ್ಳೇಗಾಲ, ಅಲ್ಲಿ ನಮಗೆ ನೆಂಟರಿದ್ದಾರೆ. ಆ ದುರಂತ ನಮಗೆ ಬರೀ ಟಿವಿಯ ಸುದ್ದಿಯಲ್ಲ. “ಅಲ್ಲಿ ಹೋಗಿ ಸಾಯೋದ್ಕಿಂತ ಮನೇಲೇ ಇರ್ಲಿ ಕಣವ್ವ” ಅನ್ನುತ್ತ ಅತ್ತೆ ಮಾರಮ್ಮನಿಗೆ ಹರಕೆ ಕಟ್ಟಿದರು. ಕೊಳ್ಳೇಗಾಲದ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನನ್ನೇ ಕೂರಿಸಿ ಪೂಜೆ ಮಾಡುತ್ತಿದ್ದ ಕಾಲ ಅದು. ಅತ್ತೆಯ ಅಜ್ಜಿ ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ಹೇಳುತ್ತಿದ್ದರಂತೆ. ಆಗ ಎಲ್ಲರೂ ಹೊರಗೆ ಹೋದರು, ಈಗ ನಮ್ಮೊಬ್ಬರನ್ನೇ ಹೊರಗಿಟ್ಟರು ಎಂಬುದು ಅತ್ತೆಯ ಸಂಕಟ.

ಒಂದು ರಾತ್ರಿ ಆಕ್ಸಿಮೀಟರ್ 86 ತೋರಿಸಿತು. ಆಶಾಳಿಗೆ ಫೋನು ಮಾಡಿದೆವು, ಅವಳು 108ಕ್ಕೆ ಹೇಳಿದಳು. ಸೋಂಕಿತರಿಗೆ ಕೊಡುವ ನಂಬರ್ ಇಲ್ಲದೆ ಹಾಸಿಗೆ ಇಲ್ಲ. ನಂಬರ್ ಇದ್ದರೂ ಹಾಸಿಗೆ ಇದೆ ಅನ್ನುವವರಿಲ್ಲ. ಫೋನು ಮಾಡಿದ ಖಾಸಗಿ ಆಸ್ಪತ್ರೆಗಳಲ್ಲಿ ಒಂದು ಕಡೆ ಮುಂಗಡ ದುಡ್ಡು ಕೇಳಿದರು, ಇನ್ನೊಂದು ಕಡೆ ಇದ್ದವರಿಗೇ ಆಕ್ಸಿಜನ್ ಇಲ್ಲ ಎಂದರು. ಕೊನೆಗೆ ಮಂಡ್ಯದಲ್ಲಿ ಸರ್ಕಾರಿ ಹಾಸಿಗೆಯೊಂದು ಸಿಕ್ಕಿತು. ಗಾಡಿಯೂ ಬಂತು. ಬಂದು ಬೀದಿಯ ತುದಿಯಲ್ಲಿ ನಿಂತು ಹಾರನ್ ಹೊಡೆಯತೊಡಗಿತು. ಮುಂದೆ ಮುಳ್ಳು.

ಯಜಮಾನರು, ಮೈದುನ ಇಬ್ಬರೂ ಜ್ವರದ ಮೈಯಲ್ಲಿ ಕವೆಗೋಲು ಹಿಡಿದು ಹೋಗಿ ಕತ್ತಲಲ್ಲಿ ಜಾಲಿಮುಳ್ಳು ಎಳೆದರು. ಒಣಗಿ ಒಂದಕ್ಕೊಂದು ಹೆಣೆದುಕೊಂಡಿದ್ದ ಮುಳ್ಳು ಸುಲಭಕ್ಕೆ ಬರಲಿಲ್ಲ. ಎಷ್ಟು ಹೊತ್ತು ಹಿಡಿಯಿತೋ ನಾನು ಗಡಿಯಾರ ನೋಡಲಿಲ್ಲ. ಮಾವನನ್ನು ಎತ್ತಿ ಕೂರಿಸಿಕೊಂಡು ಬೆನ್ನು ನೀವುತ್ತಿದ್ದೆ. ಅಕ್ಕಪಕ್ಕದ ಮನೆಗಳಲ್ಲಿ ಲೈಟು ಹತ್ತಿದವು, ಬಾಗಿಲು ತೆರೆಯಲಿಲ್ಲ. ಆ ಹೊತ್ತು ಮೊದಲೇ ಸಿಕ್ಕಿದ್ದರೆ ಅವರು ಉಳಿಯುತ್ತಿದ್ದರೋ ಏನೋ, ಡಾಕ್ಟರೂ ಹೇಳಲಾರರು. ನಾನೂ ಹಾಗೆಂದು ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಬೇಲಿ ಜ್ವರವನ್ನು ತಡೆಯಲಿಲ್ಲ, ಆಂಬ್ಯುಲೆನ್ಸನ್ನು ತಡೆಯಿತು. ಇದು ನಾನು ಕಣ್ಣಾರೆ ಕಂಡದ್ದು.

ಆಸ್ಪತ್ರೆಯಲ್ಲಿ ಮಾವನ ಹತ್ತಿರ ಒಂದು ಸಣ್ಣ ಮೊಬೈಲಿತ್ತು. ಮಾಸ್ಕಿನ ಸದ್ದಿನ ನಡುವೆ ಒಂದೊಂದೇ ಮಾತು ಕೇಳುತ್ತಿತ್ತು. “ಸೊಪ್ಪು ಸಾಲ್ತದಾ?” “ಹಣ್ಣಾದ್ವಾ?” ಯಾರು ಕೊಯ್ಯುತ್ತಿದ್ದಾರೆಂದು ಹೆಸರು ಹೆಸರು ಹೇಳಿದೆ. “ಒಬ್ರುನ್ನೂ ಮರೀಬ್ಯಾಡ” ಅಂದರು. ನಮ್ಮ ಹುಳು ಚಂದ್ರಿಕೆಗೆ ಹತ್ತಿದ ಮೇಲೆ, ಗೂಡು ಬಿಡಿಸುವ ಮೊದಲು ಅವರು ಹೋದರು.

ಊರಿಗೆ ತರುವುದೋ ಬೇಡವೋ ಎಂಬ ಮಾತು ಬಂತು. ನಮ್ಮ ಕಡೆ ಮಣ್ಣು ಮಾಡುವುದು ನಮ್ಮ ನಮ್ಮ ಜಮೀನಿನಲ್ಲೇ. ಹೊಲದಲ್ಲಿ ಮಾಡಿಕೊಳ್ಳಿ, ಊರೊಳಗೆ ಗಾಡಿ ಬರುವುದು ಬೇಡ ಎಂದರು ಹಿರಿಯರು. ಗುಂಡಿ ತೋಡಲು ಜೆಸಿಬಿ ಬಂತು, ಹೆಣ ಇಳಿಸಲು ಆಳು ಬರಲಿಲ್ಲ. ಮಳವಳ್ಳಿಯಿಂದ ಸ್ವಯಂಸೇವಕ ಹುಡುಗರು ಬಂದರು. ಅವರಲ್ಲಿ ಮುಸ್ಲಿಂ ಹುಡುಗರೂ ಇದ್ದರು, ಹಿಂದಿನ ವರ್ಷ ಯಾರ ಹತ್ತಿರ ತರಕಾರಿ ಕೊಳ್ಳಬೇಡಿ ಎಂದಿದ್ದರೋ ಆ ಬೀದಿಗಳವರು. ಪ್ಲಾಸ್ಟಿಕ್ಕಿನ ಅಂಗಿಯೊಳಗೆ ಬೆವೆತು ನೀರಾಗಿ, ನಮ್ಮ ಪದ್ಧತಿ ಹೇಗೆ ಎಂದು ಯಜಮಾನರನ್ನು ಕೇಳಿ, ತಲೆ ಯಾವ ದಿಕ್ಕಿಗೆ ಎಂದು ವಿಚಾರಿಸಿ ಮಲಗಿಸಿದರು. ದೂರದ ಬದುವಿನ ಮೇಲೆ ಊರ ಕೆಲವರು ನಿಂತು ನೋಡುತ್ತಿದ್ದರು. ಹನ್ನೊಂದನೇ ದಿನದ ಕಾರ್ಯಕ್ಕೆ ಊರು ಉಣ್ಣಲಿಲ್ಲ. ನಮ್ಮ ಸೀಮೆಯಲ್ಲಿ ತಿಥಿಯ ಊಟವಿಲ್ಲದೆ ಹೋಗುವುದೆಂದರೇನೆಂದು ನಮ್ಮವರಿಗೆ ಗೊತ್ತು. ಅತ್ತೆಗೆ ಗಂಡ ಹೋದದ್ದರಷ್ಟೇ ಅದೂ ನೋವಾಯಿತು.

ಗೂಡು ರಾಮನಗರಕ್ಕೆ ಹೋಯಿತು. ಮಾರ್ಕೆಟ್ ನಡೆಯುತ್ತಿತ್ತು, ರೇಟು ಬಿದ್ದಿತ್ತು, ಆದರೂ ಸಾಲದ ಬಹುಪಾಲು ತೀರಿತು. ಸರ್ಕಾರದ ಪರಿಹಾರಕ್ಕೆ ಕಾಗದ ಪತ್ರ ಹೊಂದಿಸಲು ಯಜಮಾನರು ಓಡಾಡಿದರು. ಈ ಪಾಡನ್ನೆಲ್ಲ ಎಲ್ಲರ ಮನೆಯಲ್ಲೂ ಪಟ್ಟಿದ್ದಾರೆ, ಬೆಳೆಸುವುದಿಲ್ಲ.

ಹೇಳಲೇಬೇಕಾದದ್ದು ಇನ್ನೊಂದಿದೆ. ಮಾವ ಏಪ್ರಿಲ್‌ನಲ್ಲಿ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಿದ್ದರು. ಅವರು ಹೋದದ್ದೇ ತಡ, “ಸೂಜಿ ಹಾಕ್ಸಿ ಸತ್ರು” ಎಂಬ ಮಾತು ಊರೆಲ್ಲ ಆಯಿತು. ಆಶಾ ಮನೆಮನೆಗೆ ಹೋದರೆ ಜನ ಹಿತ್ತಲ ಬಾಗಿಲಿಂದ ಗದ್ದೆಗೆ ಹೋಗುತ್ತಿದ್ದರು. ಒಂದು ಡೋಸಿನ ರಕ್ಷಣೆ ಅರೆಬರೆ, ಮಾವನನ್ನು ಕೊಂದದ್ದು ಶ್ವಾಸಕೋಶಕ್ಕೆ ಇಳಿದ ಸೋಂಕು ಎಂದು ಅವಳು ಹೇಳಿದರೆ ಯಾರು ಕೇಳುತ್ತಾರೆ? ಗುಣವಾದವರು ಮೂರು ತಿಂಗಳು ಕಾಯಬೇಕೆಂಬ ನಿಯಮವಿತ್ತು. ಅದು ಮುಗಿದ ಕೂಡಲೇ ಶಾಲೆಯ ಅಂಗಳದ ಕ್ಯಾಂಪಿಗೆ ಅತ್ತೆಯನ್ನು ಕರೆದುಕೊಂಡು ಹೋಗಿ, ಎಲ್ಲರೆದುರು ಕುರ್ಚಿಯಲ್ಲಿ ಕೂತು ಇಬ್ಬರೂ ಹಾಕಿಸಿಕೊಂಡೆವು. ಸತ್ತವರ ಮನೆಯವರೇ ತೋಳು ಕೊಟ್ಟ ಮೇಲೆ ಉಳಿದವರ ಬಾಯಿ ಕಟ್ಟಿತು, ಸಾಲು ಬೆಳೆಯಿತು. ಆಶಾಳ ಋಣ ನಾನು ತೀರಿಸಿದ್ದು ಹೀಗೆ.

ಮುಳ್ಳು ಎಳೆದ ಹುಡುಗರಲ್ಲೊಬ್ಬ ಒಂದು ದಿನ ತೋಟದಲ್ಲಿ ತಾನಾಗೇ ಮಾತು ತೆಗೆದ. “ನಮ್ಮನೇಲೂ ಅಜ್ಜಿ ಇದ್ಲಲ್ಲ ಅತ್ತಿಗೆ, ದಿಗಿಲಾಗಿತ್ತು.” ಅವನ ದಿಗಿಲು ಸುಳ್ಳಲ್ಲ. ಕಾಯಿಲೆಯವರಿಂದ ದೂರ ಇರಬೇಕಾದದ್ದೂ ನಿಜ. ನಾನು ಅವನಿಗೆ ಹೇಳಿದ್ದು ಇಷ್ಟೇ: “ದೂರ ಇರ್ರಪ್ಪ, ಬ್ಯಾಡ ಅನ್ನಲ್ಲ. ದಾರಿ ಮಾತ್ರ ಮುಚ್ಬ್ಯಾಡಿ.”

2022ರ ಜನವರಿಯಲ್ಲಿ ಮತ್ತೆ ಜ್ವರ ಬಂತು, ಓಮಿಕ್ರಾನ್ ಅಂದರು. ನಮ್ಮೂರಲ್ಲಿ ಎರಡು ಮನೆಗೆ ಬಂದ ಸುದ್ದಿ ಸಿಕ್ಕಿದ ಸಂಜೆ ಸಂಘದ ಹೆಂಗಸರು ಡೈರಿಯ ಮುಂದೆ ಸೇರಿದೆವು. ಹಸು ಯಾರ ಕೊಟ್ಟಿಗೆಗೆ, ಸೊಪ್ಪು ಯಾರು ಕೊಯ್ಯುವುದು, ಮಾತ್ರೆ ಯಾರು ತಲುಪಿಸುವುದು, ರಾತ್ರಿ ಬೇಕಾದರೆ ಯಾರ ಗಾಡಿ ಎಂದು ಹೆಸರು ಬರೆದೆವು. ಆಕ್ಸಿಮೀಟರ್ ಸಂಘದ ದುಡ್ಡಿನಲ್ಲಿ ಕೊಂಡದ್ದಿತ್ತು. ಸೊಪ್ಪಿನ ಸಾಲಿನಲ್ಲಿ ಮೊದಲ ಹೆಸರು ನನ್ನದು, ಆ ಎರಡು ಮನೆಗಳಲ್ಲಿ ಒಂದು ಮುಳ್ಳು ಎಳೆದವರದು. ಆ ಸಲ ಯಾರೂ ಜಾಲಿ ಕಡಿಯಲು ಹೋಗಲಿಲ್ಲ.

ಅತ್ತೆ ಮಾತ್ರ ಇವತ್ತಿಗೂ ಆ ಮನೆಯವರ ಜೊತೆ ಮಾತಾಡುವುದಿಲ್ಲ. ಸೊಪ್ಪು ಕೊಯ್ದಿದ್ದಾರಲ್ಲ ಅಂದರೆ, “ಅದ್ಕೆ ನೀನು ಮುಯ್ಯಿ ತೀರ್ಸಿದ್ದೀಯ, ಇದ್ಕೆ ಅವ್ರು ತೀರ್ಸಿಲ್ಲ” ಅನ್ನುತ್ತಾರೆ. ಅವರ ಲೆಕ್ಕದಲ್ಲೂ ತಪ್ಪಿಲ್ಲ.